ಮಲೆನಾಡಿನ ಅಂಗಳದಲ್ಲಿ ಡೇರೆ

ನಾಟಕವನ್ನೋ ಸಂಸ್ಕೃತಿ ಶಿಬಿರವನ್ನೋ ನೆಪಮಾಡಿಕೊಂಡು ಸಾಗರ ಸೀಮೆಯ ಹೆಗ್ಗೋಡಿಗೆ ಹೋಗಿಬರುವ ಪಟ್ಟಣವಾಸಿಗಳು ಬಹುಮಂದಿ. ೧೯೪೯ರಲ್ಲಿ ಅಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆಯ ಹೆಸರನ್ನು ನಮ್ಮ ಶ್ರೋತೃಗಳಲ್ಲಿ ಕೇಳದವರು ವಿರಳ. ಆದರೆ ರಂಗಮಂದಿರದಿಂದ ಹೊರಬಂದು, ಅಡಕೆತೋಟದ ಮಗ್ಗುಲ ಹಾದಿಯಲ್ಲಿ ನಾಲ್ಕು ಹೆಜ್ಜೆ ನಡೆದವರ ಕಣ್ಣನ್ನು ಮಳೆಗಾಲದ ಕೊನೆಯಲ್ಲಿ ಹಿಡಿದು ನಿಲ್ಲಿಸುವ ವಸ್ತು ಬೇರೊಂದುಂಟು. ಅಂಗಳದಂಚಿನಲ್ಲಿ ಕೆಂಪು, ಹಳದಿ, ನೇರಿಳೆ, ಬಿಳಿ ಬಣ್ಣಗಳಲ್ಲಿ ಅರಳಿ ನಿಂತ ಡೇರೆಯೇ ಅದು. ‘ಒಂದು ಗಡ್ಡೆ ಸಿಕ್ಕೀತೇ?’ ಎಂದು ಕೇಳದೆ ಹಿಂದಿರುಗುವವರು ಅಪೂರ್ವ. ಸಿಕ್ಕಿದ ಗಡ್ಡೆಯನ್ನು ಮರುವರ್ಷದವರೆಗೆ ಉಳಿಸಿಕೊಂಡವರು ಇನ್ನೂ ಅಪೂರ್ವ. ಆದಕಾರಣ ಈ ಗಿಡದ ಆಯ್ಕೆಯನ್ನೂ ಆರೈಕೆಯನ್ನೂ ಕುರಿತು ಈಹೊತ್ತು ಕೆಲವು ಮಾತುಗಳನ್ನು ಹೇಳಬಯಸುತ್ತೇವೆ.

ಡೇರೆಯೆಂದರೆ ಇಲ್ಲಿ ಗುಡಾರವಲ್ಲ. ಡೇಲಿಯ ಎಂಬ ಪರದೇಶದ ಹೆಸರು ನಮ್ಮ ಹೆಂಗಸರ ನಾಲಗೆಯ ಮೇಲೆ ಸವೆದು ಹೀಗಾಗಿರಬೇಕೆಂದು ಊಹಿಸಬಹುದು. ಮೆಕ್ಸಿಕೋ ದೇಶದ ಎತ್ತರದ ನಾಡುಗಳು ಇದರ ತವರು. ಅಲ್ಲಿಂದ ಸ್ಪೇನಿಗೆ ಬಂದ ಬೀಜಗಳಿಂದ ಎದ್ದ ಗಿಡಕ್ಕೆ ೧೭೯೧ರಲ್ಲಿ ಕವನಿಲ್ಯೆಸ್ ಎಂಬ ಸಸ್ಯಶಾಸ್ತ್ರಜ್ಞನು, ಸ್ವೀಡನ್ನಿನ ಆಂಡರ್ಸ್ ಡಾಲ್ ಎಂಬವನ ಸ್ಮರಣಾರ್ಥವಾಗಿ ಈ ಹೆಸರನ್ನಿಟ್ಟನು. ಆಲೂಗಡ್ಡೆಯಂತೆ ಇದೂ ಊಟಕ್ಕೆ ಒದಗೀತೆಂದು ಯೂರೋಪಿನವರು ಕೆಲಕಾಲ ಆಶಿಸಿದರು; ರುಚಿ ಹಿಡಿಸಲಿಲ್ಲ, ಹೂವು ಹಿಡಿಸಿತು. ಮೆಕ್ಸಿಕೋ ಇದನ್ನು ತನ್ನ ರಾಷ್ಟ್ರಪುಷ್ಪವೆಂದು ಸಾರಿದ್ದು ೧೯೬೩ರಲ್ಲಿ.

ಆರೈಕೆಯ ಮಾತಿಗೆ ಮೊದಲು ಈ ಗಿಡದ ಸ್ವಭಾವವೊಂದನ್ನು ತಿಳಿಯತಕ್ಕದ್ದು. ಡೇರೆಯ ಬೀಜವನ್ನು ಬಿತ್ತಿದರೆ ತಾಯಿಯಂಥ ಹೂವು ಬರುವುದಿಲ್ಲ. ಸಾಮಾನ್ಯವಾದ ಗಿಡಗಳಲ್ಲಿ ವರ್ಣತಂತುಗಳ ಎರಡು ಗಣಗಳಿದ್ದರೆ, ತೋಟದ ಡೇರೆಯಲ್ಲಿ ಎಂಟು ಗಣಗಳಿವೆ. ಒಂದೊಂದು ಬೀಜದಲ್ಲಿಯೂ ಅವು ಹೊಸಬಗೆಯಲ್ಲಿ ಕಲೆಯುವುವು. ಹೊಸ ಬಣ್ಣ ಬೇಕೆಂಬವರಿಗೆ ಇದು ಭಾಗ್ಯ. ಇದ್ದ ಬಣ್ಣವನ್ನು ಉಳಿಸಬೇಕೆಂಬವರಿಗೆ ಗಡ್ಡೆ, ಇಲ್ಲವೆ ಅದರಿಂದೆದ್ದ ಕುಡಿ, ಇವೆರಡೇ ಗತಿ. ಅಂದರೆ ಹೊಸನಗರದ ಯಾವುದೋ ಮನೆಯ ಅಂಗಳದಲ್ಲಿ ಮಾತ್ರ ಇರುವ ಒಂದು ಜಾತಿಯ ಗಡ್ಡೆಗಳು ಒಂದು ಮಳೆಗಾಲದಲ್ಲಿ ಕೊಳೆತುಹೋದರೆ, ಆ ಹೂವು ಲೋಕದಿಂದಲೇ ಹೋದಂತೆ. ಮಲೆನಾಡಿನ ಗೃಹಿಣಿಯರು ಈ ಶಾಸ್ತ್ರವನ್ನು ಓದಿದವರಲ್ಲ. ಆದರೂ ಅದಕ್ಕೆ ತಕ್ಕ ಪದ್ಧತಿಯನ್ನು ಕಂಡುಕೊಂಡಿದ್ದಾರೆ. ಗಡ್ಡೆ ತಾಯಿಯಿಂದ ಮಗಳಿಗೆ, ಅತ್ತಿಗೆಯಿಂದ ನಾದಿನಿಗೆ, ನೆರೆಮನೆಯಿಂದ ನೆರೆಮನೆಗೆ ಹೋಗುತ್ತಿರುವುದು. ಈ ವರ್ಷ ತಮ್ಮಲ್ಲಿ ಕೊಳೆತದ್ದು ಹೋದವರ್ಷ ಕೊಟ್ಟ ಮನೆಯಲ್ಲಿ ಬದುಕಿರುತ್ತದೆ. ಸಂಕೋಚವಿಲ್ಲದೆ ಹೋಗಿ ಕೇಳಿ ತರಬಹುದು. ಶಿರಸಿಯ ‘ವನಸ್ತ್ರೀ’ ಎಂಬ ಹೆಂಗಸರ ಬಳಗವು ನಡೆಸಿಕೊಂಡು ಬಂದ ಮಲೆನಾಡು ಮೇಳದಲ್ಲಿಯೂ ಇಂಥ ಬೀಜಗಡ್ಡೆಗಳ ವಿನಿಮಯಕ್ಕೇ ಪ್ರಾಧಾನ್ಯ. ಬಚ್ಚಿಟ್ಟುಕೊಂಡವರ ಡೇರೆಗಿಂತ ಹಂಚಿದವರ ಡೇರೆಗೆ ಆಯುಸ್ಸು ಹೆಚ್ಚೆಂಬುದು ಉಪಚಾರದ ಮಾತಲ್ಲ, ಲೆಕ್ಕದ ಮಾತು.

ಇನ್ನು ಆಯ್ಕೆ. ತಟ್ಟೆಯಷ್ಟಗಲದ ಹೂವಿಗೆ ಮನಸೋಲುವುದು ಸಹಜ. ಆದರೆ ತೀರ್ಥಹಳ್ಳಿ, ಹೊಸನಗರಗಳ ಜಡಿಮಳೆಯಲ್ಲಿ ಅಂಥ ಹೂವು ನೀರು ತುಂಬಿಕೊಂಡು ಕತ್ತು ಮುರಿದುಕೊಳ್ಳುತ್ತದೆ. ಅದಕ್ಕೆ ಮಾಡಿನ ಮರೆ ಬೇಕು. ಚೆಂಡಿನಂತೆ ಒತ್ತಾಗಿ ಎಸಳು ಸುತ್ತಿದ ಚಿಕ್ಕ ಜಾತಿಗಳು ಮಳೆಯನ್ನು ಚೆನ್ನಾಗಿ ತಡೆಯುವುವು. ಹೊಸದಾಗಿ ತೊಡಗುವವರಿಗೆ ನಾವು ಇವನ್ನೇ ಹೇಳುತ್ತೇವೆ. ನೀಲಿಯ ಡೇರೆಯನ್ನು ಹುಡುಕಿ ಬಳಲಬೇಡಿರಿ. ಅದು ಎಲ್ಲಿಯೂ ಇಲ್ಲ. ನೀಲಿಯೇ ಬೇಕಾದವರು ಹೈಡ್ರಾಂಜಿಯವನ್ನು ಅರೆನೆರಳಿನಲ್ಲಿ ನೆಡಬಹುದು. ಮಲೆನಾಡಿನ ಹುಳಿಗುಣದ ಜಂಬಿಟ್ಟಿಗೆ ಮಣ್ಣಿನಲ್ಲಿ ಬೇರಿಗೆ ಅಲ್ಯೂಮಿನಿಯಂ ಸುಲಭವಾಗಿ ಒದಗುವುದರಿಂದ ಅದರ ಗೊಂಚಲು ನೀಲಿಗೆ ತಿರುಗುವುದು. ಅದೇ ಗಿಡ ಸುಣ್ಣದ ಅಂಶವಿರುವ ಮಣ್ಣಿನಲ್ಲಿ ಗುಲಾಬಿಯಾಗುವುದು.

ಡೇರೆಯನ್ನು ಆರಿಸುವಾಗ ಹೂವನ್ನು ಮಾತ್ರ ನೋಡಿದರೆ ಸಾಲದು, ಎಲೆಯನ್ನೂ ನೋಡಬೇಕು. ನರಗಳ ಗುಂಟ ಹಳದಿ ಪಟ್ಟೆ ಎದ್ದು, ಗಿಡ ಕುಳ್ಳಾಗಿ ಮುದುರಿದ್ದರೆ ಅದು ನಂಜುರೋಗವಿರಬಹುದು. ಸಸ್ಯಹೇನಿನಿಂದಲೂ ಗಡ್ಡೆಯಿಂದಲೂ ಹಬ್ಬುವ ಈ ರೋಗಕ್ಕೆ ಮದ್ದಿಲ್ಲ. ಅಂಥ ಗಡ್ಡೆ ಎಷ್ಟೇ ಪ್ರೀತಿಯಿಂದ ಬಂದರೂ ಬೇಡವೆನ್ನುವುದು ಮೇಲು.

ಆಲೂಗಡ್ಡೆಯ ಮೈತುಂಬ ಕಣ್ಣುಗಳಿರುವುವು. ಡೇರೆಯಲ್ಲಿ ಹಾಗಲ್ಲ, ಗಡ್ಡೆಯು ಹಳೆಯ ಕಾಂಡದ ಬುಡಕ್ಕೆ ಸೇರುವ ಕತ್ತಿನೆಡೆಯಲ್ಲಿ ಮಾತ್ರ ಮೊಳಕೆ ಏಳುವುದು. ಕತ್ತು ಮುರಿದ ಗಡ್ಡೆ ನೋಡಲು ಎಷ್ಟು ದಪ್ಪವಿದ್ದರೂ ಚಿಗುರದು. ಆದುದರಿಂದ ಬಿಡಿಸುವಾಗ ಪ್ರತಿಯೊಂದರ ಜೊತೆಗೂ ಬುಡದ ಒಂದು ಚೂರು ಬರುವಂತೆ ಹರಿತವಾದ ಕತ್ತಿಯಿಂದ ಕೊಯ್ಯಬೇಕು. ಪಟ್ಟಣಿಗರ ನಿರಾಶೆಗೆ ಹೆಚ್ಚಾಗಿ ಇದೇ ಕಾರಣ.

ಮೇ ತಿಂಗಳ ಮೊದಲ ಮಳೆಗಳಿಗೆ ಕಣ್ಣು ಉಬ್ಬಿದೊಡನೆ ನೆಡುವ ಕಾಲ. ನೀರು ನಿಲ್ಲದಂತೆ ಎತ್ತರದ ಪಾತಿ ಮಾಡಿ, ಮಣ್ಣಿಗೆ ಮರಳನ್ನೂ ಹಳೆಯ ಕೊಟ್ಟಿಗೆ ಗೊಬ್ಬರವನ್ನೂ ಬೆರೆಸಿ, ಕಣ್ಣು ಮೇಲಾಗಿ ಗಡ್ಡೆಯನ್ನು ಮಲಗಿಸಿ, ನಾಲ್ಕು ಬೆರಳು ಮಣ್ಣು ಮುಚ್ಚಬೇಕು. ಆಧಾರದ ಕೋಲನ್ನು ಆಗಲೇ ಊರುವುದು ಲೇಸು. ಗಿಡ ಬೆಳೆದಮೇಲೆ ಊರಿದರೆ ಗಡ್ಡೆಗೆ ಚುಚ್ಚೀತು. ನಾಲ್ಕು ಜೊತೆ ಎಲೆ ಬಂದಾಗ ತುದಿಯನ್ನು ಚಿವುಟಿದರೆ ಕವಲು ಹೆಚ್ಚುವುದು. ಚಿವುಟಿದ ಕುಡಿಯನ್ನು ಎಸೆಯದೆ, ಮಳೆಯ ಹೊಡೆತ ತಾಗದ ಕಡೆ ಒದ್ದೆ ಮರಳಿನಲ್ಲಿ ಊರಿರಿ. ಬೇರು ಬಿಟ್ಟರೆ ಅದೇ ಜಾತಿಯ ಎರಡನೆಯ ಗಿಡ ದೊರೆಯಿತು. ಬಸವನಹುಳುಗಳನ್ನು ರಾತ್ರಿ ದೀಪ ಹಿಡಿದು ಆರಿಸುವುದೇ ಸರಿಯಾದ ಉಪಾಯ. ಕಾಡಂಚಿನ ಮನೆಗಳಲ್ಲಿ ಮುಳ್ಳುಹಂದಿಯ ಕಾಟಕ್ಕೆ ಬೇಲಿಯಿಲ್ಲದೆ ನಿರ್ವಾಹವಿಲ್ಲ.

ಹಗಲು ಮೊಟಕಾಗುತ್ತ ಬಂದಂತೆ ಗಿಡವು ತನ್ನ ಸಾರವನ್ನು ಕೆಳಗಿಳಿಸಿ ಗಡ್ಡೆ ಕಟ್ಟುವುದು. ಹೂವು ಮುಗಿಯಿತೆಂದು ಹಸುರು ಕಾಂಡವನ್ನು ಕತ್ತರಿಸಲು ಅವಸರಪಡಬಾರದು. ಅದು ತಾನಾಗಿ ಒಣಗಲಿ. ಕತ್ತರಿಸಿದ ಕಾಂಡವು ಪೊಳ್ಳಾದ ಕೊಳವೆ. ಅದರೊಳಗೆ ಇಳಿದ ನೀರು ನೇರವಾಗಿ ಕತ್ತನ್ನು ಕೊಳೆಸುವುದು. ಅಗೆದ ಗಡ್ಡೆಯನ್ನು ಬಿಸಿಲಿಗೆ ಹರಡಿದರೆ ಸುಕ್ಕುವುದು, ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೂಷ್ಟು ಹಿಡಿಯುವುದು. ಒಣಮರಳು ತುಂಬಿದ ಕುಂಡದಲ್ಲಿ ಹೂತು, ನೆರಳಿನಲ್ಲಿಟ್ಟು, ತಿಂಗಳಿಗೊಮ್ಮೆ ತೆಗೆದು ನೋಡಿ, ಮೆತ್ತಗಾದುದನ್ನು ಬೇರ್ಪಡಿಸಬೇಕು.

ಬೆಂಗಳೂರು ಮೈಸೂರುಗಳಲ್ಲಿ ಅಂಗಳವಿಲ್ಲದವರಿಗೆ ಹನ್ನೆರಡು ಅಂಗುಲದ ಕುಂಡ ಸಾಕು. ಅಲ್ಲಿ ಮಳೆ ಮಿತವಾದುದರಿಂದ ದೊಡ್ಡ ಹೂವಿನ ಜಾತಿಗಳನ್ನೂ ಧೈರ್ಯವಾಗಿ ಬೆಳೆಸಬಹುದು. ಸೆಪ್ಟೆಂಬರಿನಲ್ಲಿ ನೆಟ್ಟು ಚಳಿಗಾಲದಲ್ಲಿ ಹೂವು ಕಾಣುವುದೂ ಸಾಧ್ಯ. ದಿನಕ್ಕೆ ಐದಾರು ಗಂಟೆಯ ಬಿಸಿಲು ಬೀಳುವ ಕಡೆ ಇಡಿರಿ. ಕುಂಡದ ಮೇಲೆ ಜಾತಿಯ ಹೆಸರನ್ನು ಬರೆದಿಡುವುದು ಒಳ್ಳೆಯದು. ಹೆಸರು ಗೊತ್ತಿಲ್ಲದಿದ್ದರೆ ಅದನ್ನು ಕೊಟ್ಟ ಮನೆಯ ಹೆಸರೇ ಆದೀತು. ನಿಮ್ಮದು ಕೊಳೆತ ವರ್ಷ ಯಾರನ್ನು ಕೇಳಬೇಕೆಂಬುದು ಆಗ ತಿಳಿದಿರುತ್ತದೆ.