ನೋವಿಲ್ಲದ ಗಂಟು: ಸ್ತನ ಕ್ಯಾನ್ಸರಿನ ಅರಿವು

'ಕ್ಯಾನ್ಸರ್' ಎಂಬ ಪದದ ಮೂಲಾರ್ಥ ಏಡಿ. ಕನ್ನಡದಲ್ಲಿ ಅದಕ್ಕೆ ಸಂವಾದಿಯಾಗಿ ಬಳಕೆಯಲ್ಲಿರುವ 'ಅರ್ಬುದ' ಆಯುರ್ವೇದದಿಂದ ಬಂದ ಪದ. ಸುಶ್ರುತಸಂಹಿತೆಯು ಅರ್ಬುದವನ್ನು ದುಂಡಗಿನ, ಅಲುಗದ, ಆಳಕ್ಕೆ ಬೇರೂರಿದ, ನಿಧಾನವಾಗಿ ಬೆಳೆಯುವ, ನೋವು ಕಡಿಮೆಯಿರುವ ಊತವೆಂದು ವರ್ಣಿಸುತ್ತದೆ. ಆ ಅರ್ಬುದವನ್ನು ಇಂದಿನ ಕ್ಯಾನ್ಸರಿನೊಂದಿಗೆ ಪೂರ್ಣವಾಗಿ ಸಮೀಕರಿಸುವುದು ಸಲ್ಲದಾದರೂ, ಕೊನೆಯ ಲಕ್ಷಣವು ಗಮನಾರ್ಹ. ಸ್ತನ ಕ್ಯಾನ್ಸರಿನ ಆರಂಭದ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. 'ನೋವಿಲ್ಲ, ಆದ್ದರಿಂದ ರೋಗವಿಲ್ಲ' ಎಂಬ ತರ್ಕವೇ ಎಷ್ಟೋ ಮಹಿಳೆಯರನ್ನು ಚಿಕಿತ್ಸೆಯಿಂದ ದೂರವಿರಿಸುತ್ತದೆ.

ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಇದು. ಪುರುಷರಲ್ಲಿಯೂ ವಿರಳವಾಗಿ ಕಾಣಿಸಿಕೊಳ್ಳುತ್ತದೆ. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 23 ಲಕ್ಷ ಮಹಿಳೆಯರಲ್ಲಿ ಈ ರೋಗ ಪತ್ತೆಯಾಯಿತು.

ವಯಸ್ಸು ಏರಿದಂತೆ ಅಪಾಯವೂ ಏರುತ್ತದೆ. ತಾಯಿ ಅಥವಾ ಒಡಹುಟ್ಟಿದವರಲ್ಲಿ ರೋಗವಿದ್ದುದು, ವಂಶವಾಹಿಯಲ್ಲಿನ ಕೆಲವು ದೋಷಗಳು, ಎಳೆಯ ವಯಸ್ಸಿನಲ್ಲೇ ಋತುಮತಿಯಾಗುವುದು, ಮುಟ್ಟು ತಡವಾಗಿ ನಿಲ್ಲುವುದು, ಮದ್ಯಪಾನ, ಮುಟ್ಟು ನಿಂತ ಬಳಿಕದ ಬೊಜ್ಜು ಇವು ಅಪಾಯವನ್ನು ಹೆಚ್ಚಿಸುತ್ತವೆ. ಎದೆಹಾಲೂಡುವುದು ಮತ್ತು ದೈಹಿಕ ಶ್ರಮ ಅದನ್ನು ತಗ್ಗಿಸುತ್ತವೆ. ಆದರೂ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ, ಹೆಣ್ಣಾಗಿರುವುದು ಮತ್ತು ವಯಸ್ಸು 40 ದಾಟಿರುವುದನ್ನು ಬಿಟ್ಟರೆ, ಬೇರಾವ ವಿಶೇಷ ಕಾರಣವೂ ಇರುವುದಿಲ್ಲ. ಆದುದರಿಂದ ರೋಗಿಯನ್ನು ದೂಷಿಸುವುದಕ್ಕೆ ಆಧಾರವಿಲ್ಲ. ಇದು ಅಂಟುರೋಗವೂ ಅಲ್ಲ.

ಸ್ತನದಲ್ಲಾಗಲಿ ಕಂಕುಳಲ್ಲಾಗಲಿ ಗಂಟು, ಆಕಾರದಲ್ಲಿ ವ್ಯತ್ಯಾಸ, ಚರ್ಮದಲ್ಲಿ ಗುಳಿ, ತೊಟ್ಟು ಒಳಸೇರುವುದು, ತೊಟ್ಟಿನಿಂದ ರಕ್ತಮಿಶ್ರಿತ ಸ್ರಾವ ಇವು ಎಚ್ಚರಿಕೆಯ ಚಿಹ್ನೆಗಳು. ಬಹುಪಾಲು ಗಂಟುಗಳು ಕ್ಯಾನ್ಸರ್ ಆಗಿರುವುದಿಲ್ಲ. ಆದರೆ ಅದನ್ನು ನಿರ್ಣಯಿಸಬೇಕಾದುದು ಪರೀಕ್ಷೆ, ನಮ್ಮ ಊಹೆಯಲ್ಲ. ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಒಂದೂವರೆ ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡು ನಡೆಸಿದ ದೀರ್ಘ ಅಧ್ಯಯನದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಗಳಿಗೊಮ್ಮೆ ಕೈಯಿಂದಲೇ ಮಾಡಿದ ತಪಾಸಣೆಯಿಂದ ರೋಗವು ಬೇಗ ಪತ್ತೆಯಾಯಿತು. 50 ದಾಟಿದವರಲ್ಲಿ ಈ ರೋಗದಿಂದಾಗುವ ಮರಣ ಸುಮಾರು ಶೇಕಡಾ 30ರಷ್ಟು ತಗ್ಗಿತು. 30 ದಾಟಿದ ಮಹಿಳೆಯರಿಗೆ ಇಂತಹ ತಪಾಸಣೆಯನ್ನು ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ನಡೆಸುವ ಕಾರ್ಯಕ್ರಮ ದೇಶದಲ್ಲಿದೆ.

ಕಾಸರಗೋಡಿನಂತಹ ಗಡಿನಾಡಿನಲ್ಲಿ ಇದು ಭಾಷೆಯ ಪ್ರಶ್ನೆಯೂ ಹೌದು. ಮನೆಯಲ್ಲಿ ಕನ್ನಡ ಅಥವಾ ತುಳು ಆಡುವ ಹಿರಿಯರು ಮಲಯಾಳ ಮಾತನಾಡುವ ವೈದ್ಯರ ಮುಂದೆ ಕುಳಿತಾಗ, ನಡುವೆ ದುಭಾಷಿಯಾಗಿ ನಿಲ್ಲುವುದು ಹಲವು ಸಲ ಮನೆಯ ವಿದ್ಯಾರ್ಥಿಯೇ. ಸಂಕೋಚದಿಂದ ಅಜ್ಜಿ 'ಎದೆಯಲ್ಲಿ ಏನೋ' ಎಂದರೆ, ಕೇಳಿದವರು ಹೃದಯದ ತೊಂದರೆಯೆಂದು ತಿಳಿಯಬಹುದು. ಕನ್ನಡದ 'ಮೊಲೆ', ಮಲಯಾಳದ 'ಮುಲ' ಒಂದೇ ದ್ರಾವಿಡ ಮೂಲದ ಪದಗಳು. ಹಳಗನ್ನಡ ಕಾವ್ಯದಲ್ಲಿ ನಾವು ನಿಸ್ಸಂಕೋಚವಾಗಿ ಓದುವ ಪದವನ್ನು ಆಸ್ಪತ್ರೆಯಲ್ಲಿ ನುಡಿಯಲು ಅಳುಕಬೇಕಾಗಿಲ್ಲ. ಯಾವ ಭಾಗದಲ್ಲಿ, ಎಂದಿನಿಂದ, ಎಷ್ಟು ದೊಡ್ಡದು, ಗಟ್ಟಿಯೋ ಮೆದುವೋ, ಸ್ರಾವವಿದೆಯೋ ಎಂಬಿಷ್ಟನ್ನು ಸ್ಪಷ್ಟವಾಗಿ ಕೇಳಿ ತಿಳಿದು, ಸ್ಪಷ್ಟವಾಗಿ ದಾಟಿಸಿದರೆ ರೋಗನಿರ್ಣಯದ ಮೊದಲ ಹೆಜ್ಜೆ ಸರಿಯಾಗಿ ಬೀಳುತ್ತದೆ.