ಗಣಕಸಮೂಹದ ಉಪಾಂಗಗಳು

2024ನೆಯ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದರ ಸರಪಳಿ ಕಡಿದು, ಬಾಗಿಲೇ ನೀರಿನೊಡನೆ ಕೊಚ್ಚಿಹೋದುದನ್ನು ನಮ್ಮ ಕೊಪ್ಪಳ, ಗಂಗಾವತಿ ಸೀಮೆಯವರಾರೂ ಮರೆತಿರಲಾರರು. 1953ರಲ್ಲಿ ಮುಗಿದ ಆ ಕಲ್ಲಿನ ಕಟ್ಟೆಗೆ ಅಂದು ಏನೂ ಆಗಲಿಲ್ಲ. ಕೆಟ್ಟುದು ಕಟ್ಟೆಗೆ ತೊಡಿಸಿದ ಒಂದು ಬಾಗಿಲು, ಅದರ ಸರಪಳಿ. ಆದರೂ ಒತ್ತಡವನ್ನು ಇಳಿಸಲು ಉಳಿದ ಬಾಗಿಲುಗಳನ್ನೆಲ್ಲ ತೆರೆಯಬೇಕಾಯಿತು. ಗದ್ದೆಗೆ ಹರಿಯಬೇಕಾಗಿದ್ದ ನೀರು ಹೊಳೆಯ ಪಾಲಾಯಿತು. ವಾರ ಕಳೆಯುವಷ್ಟರಲ್ಲಿ ಉಕ್ಕಿನ ತಾತ್ಕಾಲಿಕ ಹಲಗೆಗಳನ್ನು ಇಳಿಸಿ ಆ ಕಂಡಿಯನ್ನು ಮುಚ್ಚಿದರು.

ಭೌತಶಾಸ್ತ್ರದ ಉಪನ್ಯಾಸಕನು ಗಣಕಗಳ ಮಾತನ್ನು ಅಣೆಕಟ್ಟಿನಿಂದ ಆರಂಭಿಸಿದುದಕ್ಕೆ ಕಾರಣವುಂಟು. ಇಂದು ನಾವು ಕೈಬೆರಳಿನಿಂದ ಹಣ ಕಳುಹಿಸುವಾಗಲೂ ಚಲನಚಿತ್ರ ನೋಡುವಾಗಲೂ ದೂರದಲ್ಲೆಲ್ಲೋ ದುಡಿಯುತ್ತಿರುವ ಗಣಕಸಮೂಹಗಳಿಗೂ ಇಂಥವೇ ಬಾಗಿಲು, ಸರಪಳಿಗಳು ಇವೆ. ಇಂಗ್ಲಿಷಿನಲ್ಲಿ ಅವನ್ನು ಆಡ್-ಆನ್ ಎನ್ನುತ್ತಾರೆ. ನಾವು ಉಪಾಂಗ ಎನ್ನೋಣ. ಹೆಸರನ್ನು ಕೇಳಿದವರಿಗೆ ಇದ್ದರೂ ಆದೀತು, ಇಲ್ಲದಿದ್ದರೂ ಆದೀತು ಎಂಬ ಭಾವನೆ ಬರುವುದು ಸಹಜ. ಅದು ತಪ್ಪೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಸಮೂಹವೆಂದರೇನೆಂದು ನೋಡೋಣ. ಒಂದು ಪ್ರೋಗ್ರಾಮನ್ನೂ ಅದು ನಡೆಯಲು ಬೇಕಾದ ಸಾಮಗ್ರಿಯನ್ನೂ ಒಟ್ಟಿಗೆ ಕಟ್ಟಿಟ್ಟ ಗಂಟಿಗೆ ಕಂಟೇನರ್ ಎಂದು ಹೆಸರು. ಬುತ್ತಿ ಕಟ್ಟಿಕೊಂಡು ಹೊರಟವನು ಯಾವ ಊರಲ್ಲಾದರೂ ಉಣ್ಣಬಲ್ಲಂತೆ, ಈ ಗಂಟು ಯಾವ ಗಣಕದಲ್ಲಾದರೂ ನಡೆಯಬಲ್ಲದು. ಇಂಥ ಸಾವಿರಾರು ಗಂಟುಗಳನ್ನು ನೂರಾರು ಗಣಕಗಳ ಮೇಲೆ ಹಂಚಿ, ಸತ್ತುದನ್ನು ಮತ್ತೆ ಹುಟ್ಟಿಸಿ, ಹೊರೆಯನ್ನು ಸರಿದೂಗಿಸುವ ಮೇಸ್ತ್ರಿಯೇ ಕುಬರ್ನೆಟೀಸ್. ಗ್ರೀಕ್ ಭಾಷೆಯಲ್ಲಿ ಆ ಶಬ್ದಕ್ಕೆ ಚುಕ್ಕಾಣಿ ಹಿಡಿಯುವವನು ಎಂದರ್ಥ. ಗೂಗಲ್ ಸಂಸ್ಥೆಯವರು ಇದನ್ನು 2014ರಲ್ಲಿ ಲೋಕಕ್ಕೆ ಬಿಟ್ಟುಕೊಟ್ಟರು. ಮೊದಲ ಪೂರ್ಣ ಆವೃತ್ತಿ 2015ರಲ್ಲಿ ಹೊರಬಂತು. ಇಂಥ ಸಮೂಹಗಳನ್ನು ಬಾಡಿಗೆಗೆ ಕೊಡುವ ಅಮೆಜಾನ್ ಸಂಸ್ಥೆಯ ಗಣಕಕೇಂದ್ರಗಳು 2016ರಲ್ಲಿ ಮುಂಬಯಿಯಲ್ಲಿಯೂ 2022ರಲ್ಲಿ ಹೈದರಾಬಾದಿನಲ್ಲಿಯೂ ತೆರೆದವು. 1956ರವರೆಗೆ ಕೊಪ್ಪಳದ ಕಡತಗಳು ಹೈದರಾಬಾದಿಗೆ ಹೋಗುತ್ತಿದ್ದವೆಂದು ಹಿರಿಯರು ಹೇಳುವುದುಂಟು. ಈಗ ಬೇರೊಂದು ರೂಪದಲ್ಲಿ ಮತ್ತೆ ಹೋಗುತ್ತಿವೆಯೋ ಏನೋ!

ಈ ಮೇಸ್ತ್ರಿಗೆ ಗೊತ್ತಿಲ್ಲದ ಕೆಲಸಗಳೂ ಕೆಲವು ಇವೆ. ಒಂದು ಗಂಟಿನಿಂದ ಇನ್ನೊಂದಕ್ಕೆ ಸಂದೇಶ ಯಾವ ದಾರಿಯಲ್ಲಿ ಹೋಗಬೇಕೆಂಬುದನ್ನು ಅವನು ತಾನಾಗಿ ನಿರ್ಧರಿಸುವುದಿಲ್ಲ. ಆ ಕೆಲಸ ಕ್ಯಾಲಿಕೋ, ಸಿಲಿಯಂ ಮೊದಲಾದ ಜಾಲದ ಉಪಾಂಗಗಳದು. ಹೆಸರು ಹೇಳಿದರೆ ವಿಳಾಸ ಕೊಡುವುದು ಕೋರ್‌ಡಿಎನ್‌ಎಸ್ ಎಂಬ ಉಪಾಂಗ. ಮಾಹಿತಿಯನ್ನು ಡಿಸ್ಕಿನಲ್ಲಿ ಇಡಲು ಮತ್ತೊಂದು, ಯಾವುದು ಎಷ್ಟು ದುಡಿಯುತ್ತಿದೆಯೆಂದು ಅಳೆಯಲು ಇನ್ನೊಂದು.

ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಬಳಕೆ ತಪ್ಪಿದ ಮೂರು ಗಣಕಗಳನ್ನು ಜೋಡಿಸಿ ವಿದ್ಯಾರ್ಥಿಗಳೊಡನೆ ಒಂದು ಪುಟ್ಟ ಸಮೂಹವನ್ನು ಕಟ್ಟಿದೆವು. ಮೇಸ್ತ್ರಿ ಎದ್ದು ಕುಳಿತ. ಆದರೆ ಮೂರು ಗಣಕಗಳೂ ಸಿದ್ಧವಿಲ್ಲವೆಂದೇ ಫಲಕ ತೋರಿಸುತ್ತಿತ್ತು. ಕೋರ್‌ಡಿಎನ್‌ಎಸ್ ಜಾಗ ಸಿಗದೆ ಕಾಯುತ್ತ ನಿಂತಿತ್ತು. ಹುಡುಗರು ತಂತಿ ಕೆಟ್ಟಿರಬೇಕೆಂದು ಮಧ್ಯಾಹ್ನವೆಲ್ಲ ತಂತಿ ಬದಲಾಯಿಸಿದರು. ನಾನೂ ಅವರೊಡನೆ ಬದಲಾಯಿಸಿದೆನೆಂಬುದನ್ನು ಮುಚ್ಚಿಡಲಾರೆ. ಕೊರತೆಯಿದ್ದುದು ಜಾಲದ ಉಪಾಂಗವೊಂದೇ. ಅದನ್ನು ಸ್ಥಾಪಿಸಿದ ಕೆಲವು ನಿಮಿಷಗಳಲ್ಲಿ ಎಲ್ಲವೂ ಸಿದ್ಧವಾದವು.

ಒಂದು ವಸ್ತುವಿನ ಉಪಯೋಗ ತಿಳಿಯಬೇಕಾದರೆ ಅದನ್ನು ತೆಗೆದು ನೋಡಬೇಕೆಂಬುದು ನಮ್ಮ ಶಾಸ್ತ್ರದ ಹಳೆಯ ರೂಢಿ. ಆದಕಾರಣ ಮರುದಿನ ಕೋರ್‌ಡಿಎನ್‌ಎಸ್‌ನ ಎರಡು ಪ್ರತಿಗಳನ್ನೂ ನಿಲ್ಲಿಸಿದೆವು. ಆಗ ಕಂಡ ದೃಶ್ಯ ವಿಚಿತ್ರವಾಗಿತ್ತು. ಯಾವ ಪ್ರೋಗ್ರಾಮೂ ಸಾಯಲಿಲ್ಲ. ಫಲಕದಲ್ಲಿ ಎಲ್ಲವೂ ನಡೆಯುತ್ತಿರುವಂತೆಯೇ ಇತ್ತು. ಆದರೆ ಒಂದು ಪ್ರೋಗ್ರಾಮು ಇನ್ನೊಂದನ್ನು ಹೆಸರು ಹಿಡಿದು ಕೂಗಿದರೆ ಉತ್ತರವಿಲ್ಲ. ಅಂಕಿಯ ವಿಳಾಸವನ್ನೇ ಕೊಟ್ಟು ಕೂಗಿದರೆ ಕೂಡಲೆ ಉತ್ತರ. ಹಾಗಾದರೆ ಅಂಕಿಯನ್ನೇ ಬಳಸಬಾರದೇಕೆ ಎಂದು ಯಲಬುರ್ಗಿಯ ಕಡೆಯ ಹುಡುಗನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಕುಷ್ಟಗಿಯ ಸಂತೆಯಲ್ಲಿ ಮೆಣಸಿನಕಾಯಿ ಮಾರುವವನು ವಾರವಾರವೂ ಬೇರೆ ಜಾಗದಲ್ಲಿ ಕುಳಿತರೆ, ಕಳೆದ ವಾರದ ಜಾಗವನ್ನು ನೆನಪಿಟ್ಟವನಿಗೆ ಉಪ್ಪೋ ಬೆಲ್ಲವೋ ದೊರೆತೀತು. ಸಮೂಹದಲ್ಲಿ ಗಂಟೊಂದು ಸತ್ತು ಹುಟ್ಟಿದಾಗಲೆಲ್ಲ ಅದರ ವಿಳಾಸ ಬದಲಾಗುತ್ತದೆ. ಸೇವೆಯ ಹೆಸರಾದರೋ ಸ್ಥಿರವಾಗಿರುತ್ತದೆ.

ಇನ್ನು ನಿರ್ವಹಣೆಯ ವಿಷಯ. ಕುಬರ್ನೆಟೀಸಿನ ಹೊಸ ಆವೃತ್ತಿಗಳು ವರ್ಷಕ್ಕೆ ಸುಮಾರು ಮೂರು ಹೊರಡುತ್ತವೆ. ಒಂದೊಂದಕ್ಕೂ ಅದನ್ನು ರಚಿಸಿದವರ ಪೋಷಣೆ ಸುಮಾರು 14 ತಿಂಗಳು ಮಾತ್ರ. ಹಳೆಯದರಲ್ಲಿಯೇ ಕುಳಿತರೆ ಕಳ್ಳರಿಗೆ ತಿಳಿದ ಬಿರುಕುಗಳು ತೆರೆದೇ ಉಳಿಯುತ್ತವೆ. ಆದುದರಿಂದ ಏರುತ್ತಲೇ ಇರಬೇಕು, ಅದೂ ಒಂದೊಂದೇ ಮೆಟ್ಟಿಲು. ತೊಡಕೇನೆಂದರೆ ಉಪಾಂಗಗಳನ್ನು ರಚಿಸುವವರು ಬೇರೆ, ಅವುಗಳ ಪಂಚಾಂಗ ಬೇರೆ. ಮೇಸ್ತ್ರಿಯನ್ನು ಬದಲಾಯಿಸಿದ ಮಾತ್ರಕ್ಕೆ ಜಾಲದ ಉಪಾಂಗವೂ ಬದಲಾಯಿತೆಂದು ತಿಳಿಯತಕ್ಕದ್ದಲ್ಲ.

ಇದರ ಫಲವನ್ನು ಅಮೆರಿಕೆಯ ರೆಡ್ಡಿಟ್ ಎಂಬ ಚರ್ಚಾತಾಣದವರು 2023ರ ಮಾರ್ಚ್ 14ರಂದು ಉಂಡರು. ಅಂದು ಅವರು ಒಂದು ಸಮೂಹವನ್ನು 1.23ನೆಯ ಆವೃತ್ತಿಯಿಂದ 1.24ಕ್ಕೆ ಏರಿಸಿದರು. ಒಡೆತನದ ಗಣಕಗಳಿಗೆ ಅಂಟಿಸಿದ್ದ ‘ಮಾಸ್ಟರ್’ ಎಂಬ ಚೀಟಿಯನ್ನು ಹೊಸ ಆವೃತ್ತಿ ಕಿತ್ತುಹಾಕಿ, ‘ಕಂಟ್ರೋಲ್ ಪ್ಲೇನ್’ ಎಂಬುದನ್ನು ಮಾತ್ರ ಉಳಿಸಿಕೊಳ್ಳುತ್ತಿತ್ತು. ಹೀಗೆ ಮಾಡುವೆವೆಂದು ಕುಬರ್ನೆಟೀಸಿನವರು ವರ್ಷಕ್ಕೂ ಹಿಂದೆಯೇ ಸಾರಿದ್ದರು. ಆದರೆ ರೆಡ್ಡಿಟ್ಟಿನವರ ಜಾಲದ ಉಪಾಂಗವಾದ ಕ್ಯಾಲಿಕೋದಲ್ಲಿ, ದಾರಿ ಸಾರುವ ಗಣಕಗಳು ಯಾವುವೆಂದರೆ ‘ಮಾಸ್ಟರ್’ ಚೀಟಿಯುಳ್ಳವು ಎಂದು ಹಿಂದೆಂದೋ ಯಾರೋ ಬರೆದಿಟ್ಟಿದ್ದರು. ಚೀಟಿ ಹೋಯಿತು, ದಾರಿ ಸಾರುವವರಿಲ್ಲವಾದರು, ಸಮೂಹದೊಳಗಿನ ಸಂಚಾರವೆಲ್ಲ ಮುರಿದುಬಿತ್ತು. ಹಿಂದಿನ ಆವೃತ್ತಿಗೆ ಸುಮ್ಮನೆ ಇಳಿಯಲು ಕುಬರ್ನೆಟೀಸಿನಲ್ಲಿ ಸರಿಯಾದ ದಾರಿಯಿಲ್ಲದ ಕಾರಣ, ಮೊದಲೇ ತೆಗೆದಿಟ್ಟ ಪ್ರತಿಯಿಂದ ಸಮೂಹವನ್ನು ಮತ್ತೆ ಕಟ್ಟಬೇಕಾಯಿತು. ತಾಣವು ಸ್ತಬ್ಧವಾಗಿದ್ದುದು 314 ನಿಮಿಷ. ಮಾರ್ಚ್ 14 ಪೈ ದಿನವೆಂದೂ ಪೈಯ ಬೆಲೆ 3.14 ಎಂದೂ ಬಲ್ಲ ವಿದ್ಯಾರ್ಥಿಗಳು ನಗಬಹುದು. ಅಂದು ಅಲ್ಲಿದ್ದವರಿಗೆ ನಗು ಬಂದಿರಲಾರದು.

ಬಾಡಿಗೆಯ ಸಮೂಹಗಳಲ್ಲಿ ಈ ಹೊರೆಯನ್ನು ಸ್ವಲ್ಪ ಇಳಿಸುವ ಏರ್ಪಾಡುಂಟು. ಅಮೆಜಾನಿನವರು 2020ರ ಡಿಸೆಂಬರಿನಿಂದ ಕೆಲವು ಉಪಾಂಗಗಳನ್ನು ತಾವೇ ಪರೀಕ್ಷಿಸಿ, ಯಾವ ಆವೃತ್ತಿಗೆ ಯಾವುದು ಹೊಂದುವುದೆಂದು ಪಟ್ಟಿ ಕೊಟ್ಟು, ಒಂದೇ ಆಜ್ಞೆಯಿಂದ ಸ್ಥಾಪಿಸಲು ಅನುವು ಮಾಡಿದ್ದಾರೆ. ಹಾಗೆಂದು ಸಾಮಾನ್ಯ ಕ್ರಮದಲ್ಲಿ ಅವು ತಾವಾಗಿಯೇ ಏರುವುದಿಲ್ಲ, ಬಳಸುವವನೇ ಹೇಳಬೇಕು. ಹೇಳುವಾಗ ಇನ್ನೊಂದು ಪ್ರಶ್ನೆ ಏಳುತ್ತದೆ. ಉಪಾಂಗದ ಏರ್ಪಾಡಿನಲ್ಲಿ ನೀವು ಕೈಯಾರೆ ಏನಾದರೂ ತಿದ್ದಿದ್ದರೆ ಅದನ್ನೇನು ಮಾಡಬೇಕು? ಘರ್ಷಣೆ ಕಂಡರೆ ಮುಟ್ಟದೆ ಬಿಡೆಂದು ಹೇಳಬಹುದು. ನಿಮ್ಮ ತಿದ್ದುಪಡಿಯನ್ನು ಉಳಿಸೆನ್ನಬಹುದು. ಅಳಿಸಿ ಅವರದನ್ನೇ ಬರೆಯೆಂದೂ ಹೇಳಬಹುದು. ಮೂರನೆಯದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಅಪಾಯಕರ. ಯಾರು, ಯಾವಾಗ, ಏಕೆ ತಿದ್ದಿದರೆಂಬ ಬರವಣಿಗೆ ಇಲ್ಲದಿದ್ದರೆ ಆರಿಸಿಕೊಳ್ಳುವುದಾದರೂ ಹೇಗೆ? ನನ್ನ ಮಟ್ಟಿಗೆ ಹೇಳುವುದಾದರೆ, ಈ ವಿದ್ಯೆಯಲ್ಲಿ ಜಾಣತನಕ್ಕಿಂತ ದಿನಚರಿ ಪುಸ್ತಕವೇ ಹೆಚ್ಚು ಉಪಕಾರಿ.

ನಮ್ಮ ಮೂರು ಗಣಕಗಳ ಪಕ್ಕದಲ್ಲಿಯೂ ಈಗ ಅಂಥದೊಂದು ಪುಸ್ತಕವಿದೆ. ಪ್ರತಿ ಉಪಾಂಗದ ಹೆಸರು, ಆವೃತ್ತಿ, ಅದು ಯಾವ ಯಾವ ಚೀಟಿಗಳನ್ನು ನಂಬಿ ನಿಂತಿದೆ, ಕೈಯಿಂದ ತಿದ್ದಿದ್ದು ಏನು ಎಂಬುದನ್ನು ವಿದ್ಯಾರ್ಥಿಗಳು ಬರೆದಿಡುತ್ತಾರೆ. ಮುಂದಿನ ಆವೃತ್ತಿಗೆ ಏರುವ ಮೊದಲು ಆ ಪುಟವನ್ನು ಒಬ್ಬ ಓದುತ್ತಾನೆ, ಇನ್ನೊಬ್ಬ ಹೊಸ ಆವೃತ್ತಿಯ ಪ್ರಕಟಣೆಯೊಡನೆ ಹೋಲಿಸುತ್ತಾನೆ. ಕಳೆದ ಸಲ ಈ ಕೆಲಸಕ್ಕೆ ಎರಡು ತರಗತಿಗಳು ಹಿಡಿದವು. ಏರಿಸಲು ಹಿಡಿದುದು ಅರ್ಧ ಗಂಟೆ.