ಓಕ್ ಪೀಪಾಯಿಯೂ ಸಿಲ್ವರ್ ಓಕ್ ಮರವೂ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಬೀದಿಗಳಲ್ಲಿ ನಡೆದುಹೋಗುವವರ ಕಣ್ಣಿಗೆ, ಹೊರದೇಶಗಳಿಂದ ಯಂತ್ರಗಳನ್ನು ಹೊತ್ತು ತಂದ ಮರದ ಪೆಟ್ಟಿಗೆಗಳ ಒಡೆದ ಹಲಗೆಗಳು ರಾಶಿರಾಶಿಯಾಗಿ ಬೀಳುತ್ತವೆ. ಅಲ್ಲಿ ಕೆಲಸ ಕಲಿಯುತ್ತಿರುವ ತರುಣನೊಬ್ಬನು ಇತ್ತೀಚೆಗೆ ನಮ್ಮನ್ನು ಹೀಗೆ ಕೇಳಿದನು: “ಇದರಲ್ಲಿ ಅಮೆರಿಕದ ಓಕ್ ಹಲಗೆಯೂ ಇರುತ್ತದಂತೆ ಸಾರ್. ಇದರ ಚೂರುಗಳನ್ನು ಹಾಕಿಟ್ಟರೆ ಮನೆಯಲ್ಲಿ ಇಳಿಸಿದ ಸಾರಾಯಿಯೂ ವಿಸ್ಕಿಯಾಗುತ್ತದೆ, ಅದರಲ್ಲಿರುವ ವಿಷವನ್ನೂ ಮರ ಹೀರಿಕೊಳ್ಳುತ್ತದೆ ಎಂದು ಜೊತೆಯವರು ಹೇಳುತ್ತಾರೆ. ಅದು ಸಿಗದಿದ್ದರೆ ನಮ್ಮ ಚಿಕ್ಕಮಗಳೂರಿನ ತೋಟದ ಸಿಲ್ವರ್ ಓಕ್ ಆದೀತೇ?” ಈ ಪ್ರಶ್ನೆಯಲ್ಲಿ ಸಸ್ಯಶಾಸ್ತ್ರವುಂಟು, ರಸಾಯನಶಾಸ್ತ್ರವುಂಟು, ಜೀವನ್ಮರಣದ ಮಾತೂ ಉಂಟು. ಆದುದರಿಂದ ಇದನ್ನು ನಗೆಯಾಡಿ ಕಳೆಯದೆ ವಿಚಾರಿಸುವುದು ಯುಕ್ತ.

ಮೊದಲು ಸಿಲ್ವರ್ ಓಕಿನ ಮಾತು. ಮಲೆನಾಡಿನ ಕಾಫಿತೋಟಗಳಲ್ಲಿ ನೆರಳಿಗಾಗಿಯೂ ಮೆಣಸಿನ ಬಳ್ಳಿಯನ್ನು ಹಬ್ಬಿಸುವುದಕ್ಕಾಗಿಯೂ ಬೆಳೆಸುವ ಈ ಮರ ಆಸ್ಟ್ರೇಲಿಯದಿಂದ ಬಂದದ್ದು. ಶಾಸ್ತ್ರೀಯ ನಾಮ ಗ್ರೆವಿಲಿಯ ರೋಬಸ್ಟ. ಹೆಸರಿನಲ್ಲಿ ಓಕ್ ಇದ್ದ ಮಾತ್ರಕ್ಕೆ ಅದು ಓಕ್ ಆಗಲಿಲ್ಲ. ಕೊಯ್ದ ಹಲಗೆಯ ಮೇಲೆ ಕಾಣುವ ಕಿರಣದಂಥ ಗೆರೆಗಳು ಓಕಿನವನ್ನು ಹೋಲುವುದರಿಂದ ಮರಗೆಲಸದವರು ಆ ಹೆಸರಿಟ್ಟರು, ಅಷ್ಟೆ. ಅದರಲ್ಲಿ ಕೆಲವರ ಚರ್ಮಕ್ಕೆ ತುರಿಕೆ ತರುವ ದ್ರವ್ಯಗಳೂ ಇವೆ. ಕುಡಿಯುವ ವಸ್ತುವಿನಲ್ಲಿ ಅದನ್ನು ನೆನೆಹಾಕುವುದು ಸರಿಯಲ್ಲ. ನಿಜವಾದ ಓಕ್ ಕ್ವೆರ್ಕಸ್ ಕುಲಕ್ಕೆ ಸೇರಿದುದು. ನಮ್ಮ ದೇಶದಲ್ಲಿ ಅದು ಹಿಮಾಲಯದ ಮರ. ಕುಮಾವೂಂ, ಗಢವಾಲ ಪ್ರಾಂತಗಳ ಬಾಂಜ್ ಎಂಬುದು ಅದರ ಒಂದು ಜಾತಿ. ಸಹ್ಯಾದ್ರಿಯ ಕಾಡುಗಳಲ್ಲಿ ಅಷ್ಟೊಂದು ಬಗೆಯ ಮರಗಳಿದ್ದರೂ ಸಹಜವಾಗಿ ಬೆಳೆದ ಓಕ್ ಮಾತ್ರ ಇಲ್ಲ.

ಪೀಪಾಯಿಗೆ ಓಕೇ ಏಕೆ ಬೇಕು? ಮರವೆಂಬುದು ನೀರನ್ನು ಮೇಲಕ್ಕೆ ಸಾಗಿಸುವ ಸೂಕ್ಷ್ಮ ನಾಳಗಳ ಕಟ್ಟು. ನಾಳಗಳು ತೆರೆದಿದ್ದರೆ ಹಲಗೆ ಜಿನುಗದೆ ಇರುವುದಿಲ್ಲ. ಅಮೆರಿಕದ ಕೆಂಪು ಓಕಿನ ಒಂದು ತುಂಡಿನ ತುದಿಯನ್ನು ಸಾಬೂನಿನ ನೀರಿನಲ್ಲಿ ಅದ್ದಿ ಇನ್ನೊಂದು ತುದಿಯಿಂದ ಊದಿದರೆ ಗುಳ್ಳೆಗಳು ಏಳುತ್ತವೆ! ಬಿಳಿ ಓಕಿನಲ್ಲಿ ಹೀಗಾಗುವುದಿಲ್ಲ. ಅದರ ಚೇಗು ಬಲಿಯುವಾಗ ನೆರೆಯ ಜೀವಕೋಶಗಳು ನಾಳದೊಳಕ್ಕೆ ಬಲೂನಿನಂತೆ ಉಬ್ಬಿ ದಾರಿಯನ್ನು ಮುಚ್ಚಿಬಿಡುತ್ತವೆ. ಈ ಮುಚ್ಚಳಗಳಿಗೆ ಟೈಲೋಸ್ ಎಂದು ಹೆಸರು. ದ್ರವ ಹೊರಗೆ ಹರಿಯದು; ಆದರೆ ಆವಿಯೂ ಗಾಳಿಯೂ ಬಹು ಮೆಲ್ಲಗೆ ಹಾದುಹೋಗುತ್ತವೆ.

ಹಲಗೆಗಳನ್ನು ಎರಡು ಮೂರು ವರ್ಷ ಬಿಸಿಲು ಮಳೆಗೆ ಒಡ್ಡಿ ಹದಮಾಡುವುದುಂಟು. ಆಗ ಹೆಚ್ಚಿನ ಒಗರು ತೊಳೆದುಹೋಗುತ್ತದೆ. ಬಳಿಕ ಪೀಪಾಯಿ ಕಟ್ಟಿ ಒಳಮೈಯನ್ನು ಬೆಂಕಿಯಲ್ಲಿ ಹುರಿಯುತ್ತಾರೆ, ಕೆಲವು ಸಲ ಇದ್ದಲಾಗುವಂತೆ ಸುಡುತ್ತಾರೆ. ಆಗ ಮರದ ಲಿಗ್ನಿನ್ ಒಡೆದು ವೆನಿಲಿನ್ ಹುಟ್ಟುತ್ತದೆ. ಐಸ್‌ಕ್ರೀಮಿನಲ್ಲಿ ನಾವು ಬಲ್ಲ ವೆನಿಲದ ಪರಿಮಳ ಇದೇ. ಹೆಮಿಸೆಲ್ಯುಲೋಸಿನ ಸಕ್ಕರೆಗಳು ಕಂದುಗಟ್ಟಿ ಸುಟ್ಟ ಬೆಲ್ಲದಂಥ ವಾಸನೆಯನ್ನು ಕೊಡುತ್ತವೆ. ಓಕಿಗೇ ವಿಶೇಷವಾದ ಲ್ಯಾಕ್ಟೋನ್ ಎಂಬ ದ್ರವ್ಯದಿಂದ ತೆಂಗಿನಕಾಯಿಯ ಕಂಪು ಬರುತ್ತದೆ. ಇದ್ದಲು ಗಂಧಕದ ಕೆಲವು ದುರ್ವಾಸನೆಗಳನ್ನು ಹಿಡಿದಿಡುತ್ತದೆ. ಬಹುಶಃ ಈ ಕೊನೆಯ ಸಂಗತಿಯೇ “ಮರ ವಿಷವನ್ನು ಹೀರುತ್ತದೆ” ಎಂಬ ಅಪಾಯದ ನಂಬಿಕೆಯಾಗಿ ಬೆಳೆದಿರಬೇಕು.

ಈ ವಿದ್ಯೆಯ ದೊಡ್ಡ ಪ್ರಯೋಗಶಾಲೆ ನಮ್ಮ ಊರಿನ ಅಂಚಿನಲ್ಲಿಯೇ ಇದೆ. 1948ರಲ್ಲಿ ರಾಧಾಕೃಷ್ಣ ಜಗದಾಳೆಯವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಅಮೃತ್ ಡಿಸ್ಟಿಲರೀಸ್ ಸಂಸ್ಥೆಯ ಭಟ್ಟಿ ಈಗ ಮೈಸೂರು ರಸ್ತೆಯ ಕಂಬೀಪುರದಲ್ಲಿದೆ. ಬಾರ್ಲಿಯಿಂದ ಮಾಡಿದ ಇವರ ಸಿಂಗಲ್ ಮಾಲ್ಟ್ ವಿಸ್ಕಿ 2004ರಲ್ಲಿ ಮೊದಲು ಬಿಡುಗಡೆಯಾದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ. ಕೊಲ್ಲನ ಬೀದಿಯಲ್ಲಿ ಸೂಜಿ ಮಾರಿದಂತೆ! ಇವರಿಗೂ ಓಕ್ ಬರುವುದು ಹೊರದೇಶದಿಂದಲೇ. ಅಮೆರಿಕದ ಕಾನೂನಿನಂತೆ ಬೂರ್ಬನ್ ಮದ್ಯವನ್ನು ಒಳಮೈ ಸುಟ್ಟ ಹೊಸ ಓಕ್ ಪಾತ್ರೆಯಲ್ಲಿಯೇ ಇಡಬೇಕು. ಹೀಗಾಗಿ ಒಮ್ಮೆ ಬಳಸಿದ, ಸುಮಾರು 200 ಲೀಟರಿನ ಪೀಪಾಯಿಗಳು ಅಲ್ಲಿ ಮಿಕ್ಕು, ಲೋಕದ ಬೇರೆ ಭಟ್ಟಿಗಳಿಗೆ ಸಾಗುತ್ತವೆ.

ಆದರೆ ಬೆಂಗಳೂರಿನ ಹವೆ ಸ್ಕಾಟ್ಲೆಂಡಿನದಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೂ ಇಲ್ಲಿ ನಿಜವಾದ ಚಳಿಗಾಲವಿಲ್ಲ. ಉಷ್ಣತೆಯಿಂದ ಮರದ ಸಾರ ಬೇಗ ಇಳಿಯುತ್ತದೆ, ಪೀಪಾಯಿಯೊಳಗಿನ ದ್ರವವೂ ಬೇಗ ಆರಿಹೋಗುತ್ತದೆ. ಹೀಗೆ ಆರಿದ ಭಾಗವನ್ನು ಅಲ್ಲಿಯವರು ‘ದೇವದೂತರ ಪಾಲು’ ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಅದು ವರ್ಷಕ್ಕೆ ಶೇಕಡ 2ರಷ್ಟು; ಬೆಂಗಳೂರಿನಲ್ಲಿ 10ರಿಂದ 12ರಷ್ಟು. ವಾಚಕರೇ ಲೆಕ್ಕ ಹಾಕಿ ನೋಡಬಹುದು. ವರ್ಷಕ್ಕೆ ಶೇಕಡ 12ರಂತೆ ಹೋದರೆ, 200 ಲೀಟರಿನಲ್ಲಿ ನಾಲ್ಕು ವರ್ಷಕ್ಕೆ ಉಳಿಯುವುದು 120 ಲೀಟರು. ಎಂಟು ವರ್ಷಕ್ಕೆ 72. ಶೇಕಡ 2ರಂತಾದರೆ ಹನ್ನೆರಡು ವರ್ಷ ಕಳೆದರೂ 157 ಲೀಟರು ಉಳಿದಿರುತ್ತದೆ. ಎಂಟು ವರ್ಷ ಇಟ್ಟ ತನ್ನ ಮದ್ಯಕ್ಕೆ ಈ ಸಂಸ್ಥೆ ‘ದುರಾಸೆಯ ದೇವದೂತರು’ ಎಂಬ ಅರ್ಥದ ಹೆಸರಿಟ್ಟುದರಲ್ಲಿ ಅತಿಶಯೋಕ್ತಿಯೇನಿಲ್ಲ.

ಚಿಕ್ಕ ಪಾತ್ರೆಯಲ್ಲಿ ಈ ನಷ್ಟ ಇನ್ನೂ ಹೆಚ್ಚು. ಪಾತ್ರೆಯ ಅಳತೆಗಳನ್ನೆಲ್ಲ ಅರ್ಧ ಮಾಡಿದರೆ ಪ್ರತಿ ಲೀಟರಿಗೆ ತಗಲುವ ಮರದ ಮೈ ಇಮ್ಮಡಿಯಾಗುತ್ತದೆ. ಒಗರು ಬೇಗ ಇಳಿಯುತ್ತದೆ, ಗಾಳಿಯೊಡನೆ ನಿಧಾನವಾಗಿ ಕೂಡಿ ಮಾಗುವುದಕ್ಕೆ ಸಮಯ ಸಾಲದು.

ಇನ್ನು ಪೀಣ್ಯದ ಹಲಗೆಗಳು. ದೇಶದಿಂದ ದೇಶಕ್ಕೆ ಹೋಗುವ ಪೆಟ್ಟಿಗೆಮರದಲ್ಲಿ ಕೀಟಗಳು ಸಾಗಬಾರದೆಂದು 2002ರಲ್ಲಿ ಅಂತರರಾಷ್ಟ್ರೀಯ ನಿಯಮವೊಂದು ಬಂದಿತು. ಹಲಗೆಯ ಮೇಲೆ ತೆನೆಯ ಗುರುತಿನ ಮುದ್ರೆಯಿರುತ್ತದೆ. ಪಕ್ಕದಲ್ಲಿ ‘ಎಚ್‌ಟಿ’ ಎಂದಿದ್ದರೆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಕಾದಿದೆ ಎಂದರ್ಥ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದ ಹೊಗೆ ಹಾಕಿದ್ದಾರೆ. ಕಾಸಿದ ಹಲಗೆಯೂ ದಾರಿಯಲ್ಲಿ ಯಂತ್ರದ ಎಣ್ಣೆಯನ್ನೋ ಮತ್ತಾವ ರಾಸಾಯನಿಕವನ್ನೋ ಕುಡಿದಿರಬಹುದು. ಮದ್ಯಸಾರವು ಒಳ್ಳೆಯ ದ್ರಾವಕ. ವೆನಿಲಿನ್ನನ್ನು ಕರಗಿಸುವಂತೆಯೇ ಇವನ್ನೂ ಕರಗಿಸಿಕೊಳ್ಳುತ್ತದೆ.

ಆ ತರುಣನಿಗೆ ನಾವು ಹೆಚ್ಚು ಒತ್ತಿ ಹೇಳಿದುದು ವಿಷದ ಮಾತನ್ನು. ಪರವಾನಗಿಯಿಲ್ಲದೆ ಭಟ್ಟಿ ಇಳಿಸುವುದು 1965ರ ಕರ್ನಾಟಕ ಅಬಕಾರಿ ಕಾಯಿದೆಯಂತೆ ಅಪರಾಧ. ಅದಕ್ಕಿಂತ ಭಯಂಕರವಾದುದು ಮೆಥನಾಲ್. ಒಂದು ಕಾಲದಲ್ಲಿ ಮರವನ್ನು ಗಾಳಿಯಾಡದಂತೆ ಕಾಸಿಯೇ ಇದನ್ನು ಪಡೆಯುತ್ತಿದ್ದರು. ಈಗ ಕೈಗಾರಿಕೆಗಳಲ್ಲಿ ದ್ರಾವಕವಾಗಿ ಬಳಸುತ್ತಾರೆ. ಧಾನ್ಯ ಹುಳಿಯುವಾಗ ಇದು ಹುಟ್ಟುವುದು ಅತ್ಯಲ್ಪ. ಸಾವು ತರುವುದು ಸಾಮಾನ್ಯವಾಗಿ ಕಳ್ಳಭಟ್ಟಿಯವರು ಬೆರೆಸಿದ ಕೈಗಾರಿಕೆಯ ಮೆಥನಾಲ್. ಬಣ್ಣ, ವಾಸನೆಗಳಿಂದ ಅದನ್ನು ಗುರುತಿಸಲಾಗದು. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ, 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಕೃಷ್ಣಗಿರಿಗಳ ಕಡೆ ನೂರೈವತ್ತಕ್ಕೂ ಹೆಚ್ಚು ಜನ ವಿಷಮದ್ಯಕ್ಕೆ ಬಲಿಯಾದರು. ಸತ್ತವರಲ್ಲಿ ಹೆಚ್ಚಿನವರು ಕೂಲಿ ಮಾಡಿ ಬದುಕುತ್ತಿದ್ದವರು. ದೇಹದೊಳಗೆ ಮೆಥನಾಲ್ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಕಣ್ಣಿನ ನರವನ್ನು ಕೆಡಿಸುತ್ತದೆ. ಇದಕ್ಕೆ ಹಲವು ಗಂಟೆಗಳು ಹಿಡಿಯುವುದರಿಂದ, ಕುಡಿದ ಮರುದಿನ ಕಣ್ಣು ಮಂಜಾದಾಗಲೇ ಅನೇಕರಿಗೆ ತಿಳಿಯುತ್ತದೆ. ಆಗ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಇದಕ್ಕೆ ಪ್ರತ್ಯೌಷಧವುಂಟು. ಓಕಿನ ಚೂರಾಗಲಿ ಇದ್ದಲಾಗಲಿ ಮೆಥನಾಲನ್ನು ತೆಗೆಯಲಾರವು.

ಮರದ ಸಾರವನ್ನು ನೋಡುವ ಕುತೂಹಲವಿದ್ದವರಿಗೆ ಭಟ್ಟಿ ಬೇಕಿಲ್ಲ. ಅಂಗಡಿಯಿಂದ ಅಳಲೆಕಾಯಿ ತಂದು ಜಜ್ಜಿ ಬಿಸಿನೀರಿನಲ್ಲಿ ನೆನೆಹಾಕಿರಿ. ಇನ್ನೊಂದು ಲೋಟದಲ್ಲಿ ಜಾಲಿಯ ತೊಗಟೆ, ಮತ್ತೊಂದರಲ್ಲಿ ಸಿಲ್ವರ್ ಓಕಿನ ಚಕ್ಕೆ ಇರಲಿ. ಒಂದು ದಿನದ ಬಳಿಕ ಸೋಸಿ, ಪ್ರತಿಯೊಂದಕ್ಕೂ ಅನ್ನಭೇದಿಯ ದ್ರಾವಣವನ್ನು ಕೆಲವು ತೊಟ್ಟು ಹಾಕಿ ಗಾಳಿಗೆ ತೆರೆದಿಡಿರಿ, ಕುಡಿಯುವುದಕ್ಕಲ್ಲ, ನೋಡುವುದಕ್ಕೆ. ಅಳಲೆಯ ಲೋಟದಲ್ಲಿ ನೀಲಿಗಪ್ಪು ಬಣ್ಣ ಕಟ್ಟುತ್ತದೆ. ಓಕಿನ ಟ್ಯಾನಿನ್ನು ಅಳಲೆಯ ಟ್ಯಾನಿನ್ನಿನ ವರ್ಗಕ್ಕೇ ಸೇರಿದುದು. ಹಿಂದೆ ಬರೆಯುವ ಮಸಿ ಮಾಡುತ್ತಿದ್ದುದೂ ಹೀಗೆಯೇ. ಉಳಿದೆರಡು ಲೋಟಗಳ ಬಣ್ಣವನ್ನು ಇದರೊಡನೆ ಹೋಲಿಸಿ ಬರೆದಿಟ್ಟುಕೊಳ್ಳಿರಿ.